ಟ್ರ್ಯಾಕ್ಟರ್ ಕೊನೆಗೆ ಬರಲಿ: ಸಾಮಾನು, ಪ್ರಾಣಿ ತುಂಬಿಹೋದ ಮನೆಯನ್ನು ಹದಕ್ಕೆ ತರುವ ಬಗೆ

ಒಂದು ಮನೆಯ ಬಾಗಿಲು ಪೂರ್ತಿ ತೆರೆಯದೆ ಅರ್ಧಕ್ಕೇ ನಿಂತುಬಿಡುತ್ತದೆ ಎಂದರೆ ಅದರ ಹಿಂದೆ ಏನೋ ಅಡ್ಡ ಕೂತಿದೆ ಎಂದೇ ತಿಳಿಯಬೇಕು. ಮನೆಯವರು ಬಂದವರನ್ನು ಹೊಸ್ತಿಲಲ್ಲೇ ಮಾತನಾಡಿಸಿ ಕಳಿಸುತ್ತಾರೆ, ಗ್ಯಾಸ್ ಸಿಲಿಂಡರ್ ತಂದವನು ಹೊರಗಿನ ಕಟ್ಟೆಯ ಮೇಲೆ ಇಳಿಸಿ ಹೋಗುತ್ತಾನೆ, ಕಿಟಕಿಗಳು ವರ್ಷಗಳಿಂದ ಮುಚ್ಚಿಯೇ ಇರುತ್ತವೆ. ಬಳ್ಳಾರಿಯ ಬ್ರೂಸ್‌ಪೇಟೆ, ಮಿಲ್ಲರ್‌ಪೇಟೆ, ಕೌಲ್ ಬಜಾರ್‌ನಂಥ ಹಳೆಯ ಭಾಗಗಳಲ್ಲಿ ಮನೆಗೆ ಮನೆ ಅಂಟಿಕೊಂಡೇ ಇರುವುದರಿಂದ, ಒಬ್ಬರ ನಡುಮನೆಯಲ್ಲಿ ಕೂಡಿಬಿದ್ದ ರದ್ದಿ, ಚಿಂದಿ, ಡಬ್ಬಿಗಳ ರಾಶಿಗೂ ಪಕ್ಕದವರು ಮಗುವನ್ನು ಮಲಗಿಸುವ ಕೋಣೆಗೂ ನಡುವೆ ಒಂದೇ ಗೋಡೆ. ಆದ್ದರಿಂದ ಇದು ಆ ಮನೆಯವರ ಖಾಸಗಿ ವಿಚಾರವಾಗಿ ಉಳಿಯುವುದಿಲ್ಲ.

ಸೊಳ್ಳೆಯ ಲಾರ್ವಾ ಸಮೀಕ್ಷೆಗೆಂದು ಈ ಊರಿನಲ್ಲಿ ಮನೆಮನೆ ತಿರುಗುವ ಕೆಲಸವನ್ನು ನಾನು ಹಲವು ವರ್ಷ ಮಾಡಿದ್ದೇನೆ. ಇಂಥ ಬಾಗಿಲುಗಳ ಮುಂದೆ ಏನು ಮಾಡಬೇಕು ಎಂಬುದನ್ನು ಹೇಳುವ ಮೊದಲು ಏನು ಮಾಡಬಾರದು ಎಂಬುದನ್ನು ನನ್ನ ತಪ್ಪಿನಿಂದಲೇ ಹೇಳುತ್ತೇನೆ. ಒಂಟಿಯಾಗಿದ್ದ ವಯಸ್ಸಾದ ತಾಯಿಯೊಬ್ಬರ ಮನೆಯಲ್ಲಿ ಜೀನ್ಸ್ ಹೊಲಿಯುವ ಘಟಕಗಳಿಂದ ತಂದ ಕಟಿಂಗ್ ಚಿಂದಿಯ ಮೂಟೆಗಳು ಸೂರಿನವರೆಗೆ ಇದ್ದವು. ಜೊತೆಗೆ ಹಾಲಿನ ಪ್ಯಾಕೆಟ್‌ಗಳು: ಒಂದೊಂದನ್ನೂ ತೊಳೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿ, ನೂರಕ್ಕೊಂದು ಕಟ್ಟು ಕಟ್ಟಿ, ಕಟ್ಟಿನ ಮೇಲೆ ಸೀಮೆಸುಣ್ಣದಿಂದ ತಿಂಗಳ ಹೆಸರು ಬರೆದಿಟ್ಟಿದ್ದರು. ದೂರದ ಊರಿನಿಂದ ಬಂದ ಮಗ ಕೇಳಿಕೊಂಡ. ನಾವು ಎರಡೇ ದಿನದಲ್ಲಿ ನಾಲ್ಕು ಟ್ರ್ಯಾಕ್ಟರ್ ಸಾಮಾನು ಹೊರಗೆ ಹಾಕಿ, ಒಂದು ಒಳ್ಳೆಯ ಕೆಲಸ ಮಾಡಿದೆವೆಂದು ಬೀಗಿದೆವು. ಆ ತಾಯಿ ಎರಡೂ ದಿನ ಎದುರು ಮನೆಯ ಕಟ್ಟೆಯ ಮೇಲೆ ಕೂತು, ಒಂದು ಮಾತೂ ಆಡದೆ ನೋಡುತ್ತಿದ್ದರು. ಮುಂದಿನ ಯುಗಾದಿಯ ಹೊತ್ತಿಗೆ ನಡುಮನೆ ಮತ್ತೆ ತುಂಬಿತ್ತು, ಬಾಗಿಲಿಗೆ ಎರಡನೆಯ ಬೀಗ ಬಿದ್ದಿತ್ತು, ಅವರ ಹಿತ್ತಲಿನ ನೀರಿನ ಡ್ರಮ್ಮುಗಳನ್ನು ನೋಡಲು ಎರಡು ವರ್ಷ ನಮಗೆ ಬಾಗಿಲೇ ತೆರೆಯಲಿಲ್ಲ. ಸಾರ್ವಜನಿಕ ಆರೋಗ್ಯದ ಲೆಕ್ಕದಲ್ಲಿ ಆ ಡ್ರಮ್ಮುಗಳು ಚಿಂದಿಗಿಂತ ದೊಡ್ಡ ಅಪಾಯವಾಗಿದ್ದವು. ಒಳಗೆ ಹೋಗುವ ದಾರಿಯನ್ನೇ ನಾವು ಕಳೆದುಕೊಂಡಿದ್ದೆವು.

ಮೊದಲು, ಇದು ಯಾವ ರಾಶಿ ಎಂದು ತಿಳಿಯುವುದು

ಸಾಮಾನು ಹೆಚ್ಚಿದ್ದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಗುಜರಿ ಆಯ್ದು ಜೀವನ ಮಾಡುವವರ ಮನೆಯಲ್ಲಿ ಚೀಲಗಳಿರುತ್ತವೆ, ಆದರೆ ಅವು ವಾರಕ್ಕೊಮ್ಮೆ ಗುಜರಿ ಅಂಗಡಿಯ ತಕ್ಕಡಿಗೆ ಹೋಗುತ್ತವೆ. ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರುವವರ ಮನೆಯಲ್ಲಿ ಸಗಣಿಯ ವಾಸನೆ ಇದ್ದರೂ ಎಮ್ಮೆಯ ಮೈ ಮಿರುಗುತ್ತಿರುತ್ತದೆ. ಬಡತನವನ್ನೂ ಕಸುಬನ್ನೂ ರೋಗವೆಂದು ಕರೆಯುವ ಚಾಳಿ ನಮ್ಮ ಕಚೇರಿಗಳಲ್ಲಿ ಸ್ವಲ್ಪ ಹೆಚ್ಚೇ ಇದೆ. ಅದನ್ನು ಹೊಸ್ತಿಲ ಹೊರಗೇ ಬಿಟ್ಟು ಒಳಗೆ ಹೋಗಬೇಕು.

ಕೂಡಿಡುವ ಕಾಯಿಲೆಯ ಗುರುತೇ ಬೇರೆ. ಬೆಲೆ ಇರಲಿ ಇಲ್ಲದಿರಲಿ, ಯಾವ ವಸ್ತುವನ್ನೂ ಬಿಟ್ಟುಕೊಡಲು ಆ ವ್ಯಕ್ತಿಗೆ ಆಗುವುದಿಲ್ಲ. ಬಿಡಬೇಕೆಂದರೆ ನಿಜವಾದ ಸಂಕಟವಾಗುತ್ತದೆ. ಕೊನೆಗೆ ಕೋಣೆಗಳು ಯಾವ ಕೆಲಸಕ್ಕಿದ್ದವೋ ಆ ಕೆಲಸಕ್ಕೆ ಒದಗದಂತಾಗುತ್ತವೆ. ಒಲೆಯ ಮೇಲೆ ಪೇಪರ್ ಕಟ್ಟು, ಮಂಚದ ಮೇಲೆ ಮೂಟೆ, ಬಚ್ಚಲಲ್ಲಿ ಬಕೀಟುಗಳ ರಾಶಿ. ಬಹುಕಾಲ ವೈದ್ಯರು ಇದನ್ನು ಗೀಳು ಕಾಯಿಲೆಯ ಒಂದು ಭಾಗವೆಂದೇ ಎಣಿಸಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯೂ, 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯೂ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದವು. ಸಾಮಾನ್ಯವಾಗಿ ಇದು ಹದಿಹರೆಯದಲ್ಲಿ ಮೊಳೆತು, ವಯಸ್ಸಾದಂತೆ ಬಲಿಯುತ್ತದೆ. ಆದ್ದರಿಂದ ಅರವತ್ತು ದಾಟಿದ ಮೇಲೆ, ಅಲ್ಲಿಯವರೆಗೆ ಅಚ್ಚುಕಟ್ಟಾಗಿದ್ದವರು ಇದ್ದಕ್ಕಿದ್ದಂತೆ ಕಸ ತಂದು ತುಂಬತೊಡಗಿದರೆ ಮರೆವಿನ ಕಾಯಿಲೆಯನ್ನೋ ಮಿದುಳಿನ ಬೇರೆ ತೊಂದರೆಯನ್ನೋ ಶಂಕಿಸಿ ಬೇಗ ವೈದ್ಯರಿಗೆ ತೋರಿಸಬೇಕು.

ರಾಶಿ ಎಷ್ಟೆಂದು ಹೇಳುವಾಗ 'ವಿಪರೀತ', 'ಭಯಂಕರ' ಎಂಬ ಮಾತುಗಳಿಂದ ಯಾರಿಗೂ ಉಪಯೋಗವಿಲ್ಲ. ಅಡುಗೆಮನೆ, ಮಲಗುವ ಕೋಣೆ, ನಡುಮನೆ ಈ ಮೂರಕ್ಕೂ ಒಂದರಿಂದ ಒಂಬತ್ತರವರೆಗೆ ತುಂಬುತ್ತ ಹೋಗುವ ಚಿತ್ರಗಳ ಒಂದು ಮಾಪನವನ್ನು ಮನೋವೈದ್ಯರು ಬಳಸುತ್ತಾರೆ; ನಾಲ್ಕನೆಯ ಚಿತ್ರವನ್ನು ಮುಟ್ಟಿದ ಕೋಣೆಗೆ ನೆರವು ಬೇಕೆಂದು ಲೆಕ್ಕ. ಚಿತ್ರಗಳು ಕೈಗೆ ಸಿಗದಿದ್ದರೆ ಮೂರು ಪ್ರಶ್ನೆ ಸಾಕು: ಮಂಚದ ಮೇಲೆ ಮಲಗಲು ಆಗುತ್ತದೆಯೇ, ಒಲೆ ಹೊತ್ತಿಸಲು ಆಗುತ್ತದೆಯೇ, ಮಲಗುವ ಜಾಗದಿಂದ ಬೀದಿಯ ಬಾಗಿಲಿಗೆ ಕತ್ತಲಲ್ಲಿ ಎಡವದೆ ಬರಲು ಆಗುತ್ತದೆಯೇ.

ಬಾಗಿಲಲ್ಲಿ ಆಡುವ ಮಾತು

ಮೊದಲ ಭೇಟಿಗೆ ಇಬ್ಬರಿಗಿಂತ ಹೆಚ್ಚು ಜನ ಹೋಗಬಾರದು. ಆ ಇಬ್ಬರಲ್ಲಿ ಒಬ್ಬರು ಓಣಿಗೆ ಪರಿಚಯವಿರುವ ಆಶಾ ಕಾರ್ಯಕರ್ತೆಯಾಗಿದ್ದರೆ ಅರ್ಧ ಕೆಲಸ ಆದಂತೆ. ವಾರ್ಡಿನ ಸದಸ್ಯರು, ಆರೋಗ್ಯ ನಿರೀಕ್ಷಕರು, ಪಕ್ಕದ ಮನೆಯವರು ಎಲ್ಲ ಒಟ್ಟಿಗೆ ಹೋದರೆ ಅದು ಪಂಚಾಯಿತಿಯಂತೆ ಕಾಣುತ್ತದೆ. ದೂರು ಕೊಟ್ಟ ಪಕ್ಕದ ಮನೆಯವರಂತೂ ಹೋಗಲೇಬಾರದು. 'ಕಸ', 'ಗಲೀಜು', 'ಹುಚ್ಚು' ಎಂಬ ಮಾತುಗಳು ಬಾಯಿಗೆ ಬರಬಾರದು. ಅವರು ಏನೆಂದು ಕರೆಯುತ್ತಾರೋ ಅದೇ ಮಾತನ್ನು ಬಳಸಬೇಕು: ಅವರು 'ಸಾಮಾನು' ಎಂದರೆ ಸಾಮಾನು, 'ಬಟ್ಟೆ' ಎಂದರೆ ಬಟ್ಟೆ. "ಅಮ್ಮಾ, ಡೆಂಗಿ ಜ್ವರ ಭಾಳ ಐತಿ, ನಿಮ್ಮ ನೀರಿನ ಡ್ರಮ್ಮು ಒಂದೀಟು ನೋಡಿ ಹೋಗ್ತೀವ್ರಿ" ಎಂದು ಕೇಳಿದರೆ ಬಾಗಿಲು ತೆರೆಯುವ ಸಂಭವ ಹೆಚ್ಚು. "ಮನೆ ಕ್ಲೀನ್ ಮಾಡಸ್ರೀ" ಎಂದರೆ ಮುಚ್ಚುವುದು ಖಂಡಿತ. ಒಳಗೆ ಹೋದ ಮೇಲೆ ಕಣ್ಣು ನಾಲ್ಕೂ ಕಡೆ ಓಡಲಿ, ಕೈ ಮಾತ್ರ ಏನನ್ನೂ ಮುಟ್ಟದಿರಲಿ. "ಅದು ಇರಲಿ ಬಿಡಪ್ಪಾ, ಯಾವತ್ತಾದ್ರೂ ಬೇಕಾಗ್ತೈತಿ" ಎಂಬ ಉತ್ತರ ಬಂದಾಗ ವಾದಕ್ಕಿಳಿಯದೆ, ಯಾವುದಕ್ಕೆ ಬೇಕಾಗುತ್ತದೆ ಎಂದು ನಿಜವಾದ ಕುತೂಹಲದಿಂದ ಕೇಳಬೇಕು. ಆ ಉತ್ತರದಲ್ಲೇ ಮುಂದಿನ ಕೆಲಸದ ದಾರಿ ಇರುತ್ತದೆ.

ಮೊಬೈಲಿನಲ್ಲಿ ಫೋಟೋ ತೆಗೆದು ಓಣಿಯ ವಾಟ್ಸಾಪ್ ಗುಂಪಿಗೆ ಹಾಕುವುದು ದೊಡ್ಡ ದ್ರೋಹ. ಚಿಕಿತ್ಸೆಯಲ್ಲಿರುವ ವ್ಯಕ್ತಿಯ ಗೋಪ್ಯತೆಯನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಹಕ್ಕೆಂದೇ ಹೇಳಿದೆ. ಕಾಯ್ದೆಯ ಮಾತು ಹಾಗಿರಲಿ, ಒಮ್ಮೆ ಆ ಫೋಟೋ ಹರಿದಾಡಿದರೆ ಆ ಮನೆಯ ಬಾಗಿಲನ್ನು ಮತ್ತೆ ತಟ್ಟುವ ಮುಖ ನಮಗೆ ಉಳಿಯುವುದಿಲ್ಲ.

ನೀರು, ದಾರಿ, ಬೆಂಕಿ, ಇಲಿ

ಒಳಗಿರುವ ಅಪಾಯಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ: ನೀರು. ನಲ್ಲಿಯಲ್ಲಿ ನೀರು ದಿನಗಟ್ಟಲೆ ಬಾರದ ಈ ಊರಿನಲ್ಲಿ ಎಲ್ಲರೂ ಡ್ರಮ್ಮು, ಸಿಂಟೆಕ್ಸು, ತೊಟ್ಟಿಗಳಲ್ಲಿ ನೀರು ಹಿಡಿದಿಡುತ್ತಾರೆ; ಸಾಮಾನು ತುಂಬಿದ ಮನೆಯಲ್ಲಿ ಮಾತ್ರ ಆ ಡ್ರಮ್ಮಿನ ಹತ್ತಿರ ಹೋಗಲೂ ಜಾಗವಿರುವುದಿಲ್ಲ, ಹಿತ್ತಲಿನ ಟಯರು, ತೆಂಗಿನ ಚಿಪ್ಪು, ಒಡೆದ ಕೂಲರ್‌ಗಳಲ್ಲಿ ಮಳೆನೀರು ನಿಂತಿರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಮೈಗೆ ಮೊಟ್ಟೆ ಅಂಟಿಸುತ್ತದೆ. ಆ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ಬದುಕಿ, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಬೆಚ್ಚಗಿನ ಹವೆಯಲ್ಲಿ ಎಂಟು ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಆದ್ದರಿಂದ ಬರೀ ನೀರು ಚೆಲ್ಲಿದರೆ ಸಾಲದು, ಒಳಮೈಯನ್ನು ನಾರಿನಿಂದ ಗಸಗಸ ಉಜ್ಜಿ, ಬಿಸಿಲಿಗೆ ಒಣಗಿಸಿ, ವಾರಕ್ಕೊಮ್ಮೆ ಅದನ್ನೇ ಮಾಡಬೇಕು. ಚೆಲ್ಲಲಾಗದ ಡ್ರಮ್ಮಿಗೆ ಬಟ್ಟೆ ಕಟ್ಟಿ ಮುಚ್ಚಬೇಕು. ಸಾಮಾನಿನ ಒಂದು ಚಿಂದಿಯನ್ನೂ ಮುಟ್ಟದೆ ಇಷ್ಟನ್ನು ಮಾಡಬಹುದು ಎಂಬುದನ್ನು ಗಮನಿಸಿ. ಮನೆಯವರಿಗೆ ನಮ್ಮ ಮೇಲೆ ಮೊದಲ ನಂಬಿಕೆ ಹುಟ್ಟುವುದು ಇಲ್ಲಿಯೇ.

ಎರಡನೆಯದು ದಾರಿ. ಮಂಚದಿಂದ ಬೀದಿ ಬಾಗಿಲಿಗೂ, ಮಂಚದಿಂದ ಬಚ್ಚಲಿಗೂ ಮೂರು ಅಡಿ ಅಗಲದ ದಾರಿ ಬಿಡಿಸಿಕೊಳ್ಳಬೇಕು. 108ರ ಸ್ಟ್ರೆಚರ್ ತಿರುಗಲು ಅಷ್ಟಾದರೂ ಬೇಕು. ಇಲ್ಲಿ ಏನನ್ನೂ ಎಸೆಯಬೇಕಿಲ್ಲ, ಅತ್ತಿತ್ತ ಸರಿಸಿದರೆ ಸಾಕು. ಎದೆಯೆತ್ತರಕ್ಕಿಂತ ಮೇಲಿನ ರಾಶಿಯನ್ನು ಇಳಿಸಬೇಕು. 1947ರಲ್ಲಿ ನ್ಯೂಯಾರ್ಕಿನ ಕಾಲಿಯರ್ ಸಹೋದರರ ಮನೆಯಲ್ಲಿ ತಮ್ಮನ ಮೇಲೆ ಅವರೇ ಒಟ್ಟಿದ ರಾಶಿ ಕುಸಿದು ಆತ ಸತ್ತ; ಕಣ್ಣು ಕಾಣದ, ನಡೆಯಲಾಗದ ಅಣ್ಣ ಉಣಿಸುವವರಿಲ್ಲದೆ ಸತ್ತ; ಕೆಲವೇ ಅಡಿ ದೂರದಲ್ಲಿದ್ದ ತಮ್ಮನ ಹೆಣ ಸಿಗಲು ವಾರಗಳೇ ಹಿಡಿದವು. ನಮ್ಮ ಹಳೆಯ ಮಾಳಿಗೆ ಮನೆಗಳಲ್ಲಿ ಇನ್ನೊಂದು ಅಪಾಯವಿದೆ: ಮಾಳಿಗೆಯ ಮೇಲೆ ಒಟ್ಟಿದ ಪೇಪರ್, ಬಟ್ಟೆ ಮಳೆಗೆ ನೆನೆದರೆ ಅದರ ಭಾರವನ್ನು ಹಳೆಯ ತೊಲೆಗಳು ತಾಳುವುದಿಲ್ಲ.

ಬೆಂಕಿಯ ವಿಚಾರವನ್ನು ಹೆಚ್ಚು ವಿವರಿಸಬೇಕಿಲ್ಲ. ಒಲೆ, ದೇವರ ದೀಪ, ಸೊಳ್ಳೆಬತ್ತಿ, ಸ್ವಿಚ್ ಬೋರ್ಡ್ ಈ ನಾಲ್ಕರ ಸುತ್ತ ಮೂರು ಅಡಿ ಜಾಗ ಬರಿದಾಗಿರಬೇಕು. ಚಿಂದಿಯ ಮೂಟೆಗೆ ಹತ್ತಿದ ಕಿಡಿ ಒಳಗೊಳಗೇ ಗಂಟೆಗಟ್ಟಲೆ ಹೊಗೆಯಾಡುತ್ತದೆ.

ಇಲಿಗಳು ಬಂದಿದ್ದರೆ, ಅವು ಬಂದೇ ಇರುತ್ತವೆ, ಇಲಿ ಜ್ವರದ ಭಯವಿದೆ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಸಣ್ಣ ಗಾಯದಿಂದಲೂ ರೋಗ ತರಬಲ್ಲದು. ಇಲಿಯ ಹಿಕ್ಕೆ ಬಿದ್ದ ಜಾಗವನ್ನು ಒಣ ಕಸಬರಿಗೆಯಿಂದ ಗುಡಿಸಬಾರದು. ಬಾಗಿಲು ಕಿಟಕಿ ಅರ್ಧ ಗಂಟೆ ತೆರೆದಿಟ್ಟು, ಹಿಕ್ಕೆಯನ್ನು ರೋಗಾಣುನಾಶಕ ದ್ರಾವಣದಿಂದ ನೆನೆಸಿ, ಆಮೇಲೆ ಒರೆಸಿ ತೆಗೆಯಬೇಕು. ಮೂಟೆಯ ಕೆಳಗೆ ಬರಿಗೈ ಹಾಕಬಾರದು. ಈ ಕಲ್ಲು ನೆಲದ ಊರಿನಲ್ಲಿ ಚೇಳಿಗೆ ಅಂಥ ಜಾಗವೇ ಪ್ರಿಯ. ಪೌರಕಾರ್ಮಿಕರನ್ನು ಇಂಥ ಮನೆಗೆ ಕಳಿಸುವವರು ದಪ್ಪ ಕೈಗವಸು, ಗಂಬೂಟು, ಎನ್-95 ಮಾಸ್ಕ್ ಕೊಟ್ಟೇ ಕಳಿಸಬೇಕು. ಕರ್ಚೀಫು ಕಟ್ಟಿಸಿ ಕಳಿಸುವುದನ್ನು ನಾನು ಕಂಡಿದ್ದೇನೆ, ಅದು ನಾಚಿಕೆಗೇಡು.

ಪ್ರಾಣಿಗಳು ತುಂಬಿದ ಮನೆ

ಎಷ್ಟು ಬೆಕ್ಕಿದ್ದರೆ ಹೆಚ್ಚು ಎಂಬುದಕ್ಕೆ ಎಣಿಕೆಯಿಲ್ಲ. ಹತ್ತು ನಾಯಿಗಳನ್ನು ಚೆನ್ನಾಗಿ ಸಾಕಿದವರಿದ್ದಾರೆ, ನಾಲ್ಕನ್ನು ಕೊಳೆಸಿದವರೂ ಇದ್ದಾರೆ. ಅಮೆರಿಕದ ಪಶುವೈದ್ಯ ಗ್ಯಾರಿ ಪ್ಯಾಟ್ರೊನೆಕ್ 1999ರಲ್ಲಿ ಪ್ರಾಣಿಗಳನ್ನು ಹೀಗೆ ಕೂಡಿಹಾಕುವುದನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ವಿವರಿಸಿದಾಗ ಒತ್ತಿ ಹೇಳಿದ್ದು ಎಣಿಕೆಯನ್ನಲ್ಲ: ಪ್ರಾಣಿಗಳಿಗೆ ಬೇಕಾದ ಕನಿಷ್ಠ ಊಟ, ಶುಚಿ, ಚಿಕಿತ್ಸೆ ಕೊಡಲಾಗದಿರುವುದು, ಅವು ಸೊರಗಿ ಸಾಯುತ್ತಿದ್ದರೂ ಅದು ಕಣ್ಣಿಗೆ ಬೀಳದಿರುವುದು. ಕೈಮೀರಿ ಹೋದ ಸಾಕಣೆದಾರರು ಒಂದು ಬಗೆ. ಬೀದಿಯ ಪ್ರತಿ ಮರಿಯನ್ನೂ ತಾನೇ ಉಳಿಸಬೇಕೆಂಬ ಹಟದವರು ಇನ್ನೊಂದು. ಹಣಕ್ಕೋ ದರ್ಪಕ್ಕೋ ಪ್ರಾಣಿಗಳನ್ನು ಕೂಡಿಹಾಕುವವರು ಮೂರನೆಯ ಬಗೆ. ಮೊದಲಿನವರು ನೆರವನ್ನು ಒಪ್ಪಿಕೊಳ್ಳುತ್ತಾರೆ, ಎರಡನೆಯವರು ಜಗಳವಾಡುತ್ತಾರೆ, ಮೂರನೆಯವರ ಜೊತೆ ಕಾನೂನೇ ಮಾತನಾಡಬೇಕು.

ಹೊಸ್ತಿಲಲ್ಲೇ ಕಣ್ಣು ಉರಿದರೆ ಅದು ಅಮೋನಿಯಾ. ಕೂಡಿಬಿದ್ದ ಮೂತ್ರ ಕೊಳೆತಾಗ ಅದು ಹುಟ್ಟುತ್ತದೆ. ಅಲ್ಲೇ ಇರುವವರ ಮೂಗು ಅದಕ್ಕೆ ಒಗ್ಗಿಹೋಗಿರುವುದರಿಂದ 'ವಾಸನೆಯೇ ಇಲ್ಲ' ಎಂದು ಅವರು ಹೇಳುವುದು ಸುಳ್ಳಲ್ಲ, ಅವರಿಗೆ ನಿಜವಾಗಿಯೂ ಬರುವುದಿಲ್ಲ. ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿನ ಬಗ್ಗೆ ಎಚ್ಚರಿಸಲೇಬೇಕು. ಮೂತ್ರ ನೆನೆದ ನೆಲಕ್ಕೆ ಬ್ಲೀಚಿಂಗ್ ಪೌಡರ್ ಸುರಿಯಬೇಡಿ: ಅದು ಅಮೋನಿಯಾದೊಂದಿಗೆ ಸೇರಿ ಕ್ಲೋರಮೈನ್ ಎಂಬ ವಿಷಾನಿಲವಾಗುತ್ತದೆ. ಬ್ಲೀಚಿಂಗ್ ಪೌಡರಿನ ಮೇಲೆ ಬಚ್ಚಲು ತೊಳೆಯುವ ಆಸಿಡ್ ಸುರಿದರೆ ಕ್ಲೋರಿನ್ ಅನಿಲವೇ ಏಳುತ್ತದೆ. ಮೊದಲು ಗಾಳಿಯಾಡಿಸಿ, ಸೋಪಿನ ನೀರಿನಿಂದ ಎರಡು ಮೂರು ಸಲ ತೊಳೆದು, ನೆಲ ಒಣಗಿದ ಮೇಲೆಯೇ ಬೇರೆ ಮಾತು.

ಪ್ರಾಣಿಗಳ ವಿಚಾರದಲ್ಲಿ ಮೊದಲ ದಿನವೇ, ಖರ್ಚಿಲ್ಲದೆ ಮಾಡಬಹುದಾದದ್ದೆಂದರೆ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಕೋಣೆಗೆ ಹಾಕುವುದು. ಬೆಕ್ಕು ಸುಮಾರು ಎರಡು ತಿಂಗಳಲ್ಲಿ ಈಯುತ್ತದೆ, ಮರಿ ಐದಾರು ತಿಂಗಳಿಗೇ ಗಬ್ಬವಾಗಬಲ್ಲದು. ನಾವು ಸಭೆ ಮಾಡುತ್ತ ಕೂತರೆ ಅಷ್ಟರಲ್ಲಿ ಎರಡು ಸೂಲು ಆಗಿರುತ್ತದೆ. ಆಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬಿಸ್ ಲಸಿಕೆ. ಪಶು ಇಲಾಖೆಯ 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಚಿಕಿತ್ಸಾ ವಾಹನ ಸಿಗುತ್ತದೆ. ಎಲ್ಲ ಪ್ರಾಣಿಗಳನ್ನೂ ಒಮ್ಮೆಗೇ ಎತ್ತಿಕೊಂಡು ಹೋಗುವುದಕ್ಕಿಂತ, ಮನೆಯವರೇ ಆರಿಸಿದ, ಶಸ್ತ್ರಚಿಕಿತ್ಸೆಯಾದ ಎರಡನ್ನು ಅವರ ಬಳಿಯೇ ಬಿಡುವುದು ಒಳ್ಳೆಯದು. ಎಲ್ಲವನ್ನೂ ಕಿತ್ತುಕೊಂಡವರು ಮರುವಾರವೇ ಹೊಸ ಮರಿಗಳನ್ನು ತರುತ್ತಾರೆ. ಅಲ್ಲಿ ಕೆಲಸ ಮಾಡಿದವರಲ್ಲಿ ಯಾರಿಗಾದರೂ ಕಚ್ಚಿದರೆ, ಪರಚಿದರೆ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಖಾರದಪುಡಿ ಹಚ್ಚಬಾರದು. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನದ ಡೋಸಿನ ನಂತರ 3, 7 ಮತ್ತು 28ನೆಯ ದಿನ ತಪ್ಪದೆ ಹಾಕಿಸಿಕೊಳ್ಳಬೇಕು.

ವೈದ್ಯರು, ಆಮೇಲೆ ಕಾನೂನು

ಈ ವಿಚಾರದಲ್ಲಿ ಬಳ್ಳಾರಿಗೆ ಒಂದು ಹಿರಿಮೆಯಿದೆ, ಊರಿನವರಿಗೇ ಅದು ಅಷ್ಟಾಗಿ ಗೊತ್ತಿಲ್ಲ. 1980ರ ದಶಕದ ನಡುವಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮಾನಸಿಕ ಕಾಯಿಲೆಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಕಾರ್ಯಕರ್ತರೂ ಚಿಕಿತ್ಸೆ ಕೊಡಬಹುದೆಂದು ಪ್ರಯೋಗ ಮಾಡಿ ತೋರಿಸಿದ್ದು ಈ ಜಿಲ್ಲೆಯಲ್ಲಿಯೇ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ 'ಬಳ್ಳಾರಿ ಮಾದರಿ'ಯೇ ತಳಹದಿ. ಹಾಗಾಗಿ ಆಶಾ ಕಾರ್ಯಕರ್ತೆಯ ಮೂಲಕ ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ವಿಷಯ ಮುಟ್ಟಿಸುವುದು ಇಲ್ಲಿ ಹೊಸ ಪದ್ಧತಿಯೇನಲ್ಲ. ಜನ ಈಗಲೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಆಸ್ಪತ್ರೆಗೆ ಬರಲೊಲ್ಲದವರು ಫೋನಿನಲ್ಲಿ ಮಾತನಾಡಲು ಒಪ್ಪಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಆಪ್ತಸಲಹೆ ಸಿಗುತ್ತದೆ, ಹಣ ಬೇಡ. ಮನೆಯವರು ತಾವೇ ಮೊದಲು ಕರೆ ಮಾಡಿ ಹೇಗೆ ನಡೆದುಕೊಳ್ಳಬೇಕೆಂದು ಕೇಳಿಕೊಳ್ಳುವುದೂ ಒಳ್ಳೆಯದು.

ಕೂಡಿಡುವುದಕ್ಕೆಂದೇ ಒಂದು ಮಾತ್ರೆಯಿಲ್ಲ. ಜೊತೆಗಿರುವ ಖಿನ್ನತೆಗೆ, ಆತಂಕಕ್ಕೆ ಔಷಧಿಯಿದೆ, ಅವು ಬಹಳಷ್ಟು ಮಂದಿಗೆ ಇರುತ್ತವೆ. ಉಳಿದದ್ದು ಮಾತಿನ ಚಿಕಿತ್ಸೆ: ಒಂದು ವಸ್ತುವನ್ನು ಕೈಯಲ್ಲಿ ಹಿಡಿದು, ಇಡುವುದೋ ಬಿಡುವುದೋ ಎಂದು ತೀರ್ಮಾನಿಸುವ ಅಭ್ಯಾಸವನ್ನು ಮತ್ತೆ ಮತ್ತೆ ಮಾಡಿಸುವುದು. ಅದು ವಾರಗಳದ್ದಲ್ಲ, ತಿಂಗಳುಗಳ ಕೆಲಸ.

ಇಷ್ಟೆಲ್ಲ ಮಾಡಿಯೂ ಬಾಗಿಲು ತೆರೆಯದೆ, ನೆರೆಯವರಿಗೆ ಅಪಾಯ ಮುಂದುವರಿದರೆ ಕಾನೂನಿದೆ. ಸೊಳ್ಳೆ ಮರಿ ಬೆಳೆಯಲು ಬಿಟ್ಟ ಮನೆಗಳಿಗೆ 2024ರಲ್ಲಿ ರಾಜ್ಯ ಸರ್ಕಾರ ನಗರಗಳಲ್ಲಿ 400 ರೂಪಾಯಿ ದಂಡ ಗೊತ್ತುಮಾಡಿತು. ಸಾರ್ವಜನಿಕ ಉಪದ್ರವವನ್ನು ತೆಗೆಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಡಿ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ಆದೇಶ ಮಾಡಬಹುದು. ಪ್ರಾಣಿಗಳಿಗೆ ಅನ್ನ, ನೀರು, ನೆರಳು ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಡಿ ಅಪರಾಧ. ಅದರಲ್ಲಿ ಮೊದಲ ತಪ್ಪಿಗೆ ಹೇಳಿದ ದಂಡ 10ರಿಂದ 50 ರೂಪಾಯಿ ಎಂಬುದನ್ನು ಓದಿದರೆ ನಗು ಬರುತ್ತದೆ. ನನ್ನ ಅನುಭವದಲ್ಲಿ ನೋಟಿಸು ಉಪಯೋಗಕ್ಕೆ ಬರುವುದು ಗಡುವು ಗೊತ್ತುಮಾಡಿಕೊಳ್ಳಲು ಮಾತ್ರ, ಮನೆ ಖಾಲಿ ಮಾಡಿಸಲು ಅಲ್ಲ. ನೋಟಿಸಿನಲ್ಲಿ 'ಮನೆ ಸ್ವಚ್ಛಗೊಳಿಸಿ' ಎಂದು ಬರೆಯುವ ಬದಲು, 'ಒಲೆಯ ಸುತ್ತ ಮೂರು ಅಡಿ ಜಾಗ, ಹಿತ್ತಲಿನ ಆರು ಟಯರು' ಎಂದು ಎಣಿಸಿ ಬರೆದರೆ ಪಾಲಿಸುವವರಿಗೂ ಪರಿಶೀಲಿಸುವವರಿಗೂ ಸುಲಭ.

ಸಾಮಾನು ಹೊರಗೆ ಹೋಗುವ ದಿನ

ಅಂತೂ ಸಾಮಾನು ಬಿಡಲು ಒಪ್ಪಿದ ಮೇಲೆ, ಆ ವ್ಯಕ್ತಿಯ ಎದುರಿನಲ್ಲಿಯೇ, ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಿಲ್ಲದಂತೆ ಕೆಲಸ ನಡೆಯಬೇಕು. ಎಸೆಯುತ್ತೇವೆ ಎಂದರೆ ಕೈ ಬಿಗಿಯಾಗುತ್ತದೆ, ಮಾರುತ್ತೇವೆ ಎಂದರೆ ಸಡಿಲವಾಗುತ್ತದೆ. ಗುಜರಿಯವರನ್ನು ಮನೆಬಾಗಿಲಿಗೆ ಕರೆಸಿ, ಮನೆಯವರ ಕಣ್ಣೆದುರೇ ತೂಕ ಹಾಕಿಸಿ, ದುಡ್ಡನ್ನು ಅವರ ಕೈಗೇ ಕೊಡಿಸಿದರೆ ಆ ವಸ್ತು 'ದಂಡವಾಗಲಿಲ್ಲ' ಎಂಬ ಸಮಾಧಾನ ಅವರಿಗೆ ಸಿಗುತ್ತದೆ. ನೆನೆದು ಬೂಷ್ಟು ಹಿಡಿದದ್ದು ಮೊದಲು, ಎರಡೆರಡು ಇರುವುದು ಆಮೇಲೆ, ಸತ್ತವರ ಬಟ್ಟೆ, ಪತ್ರ, ಫೋಟೋಗಳು ಎಲ್ಲಕ್ಕಿಂತ ಕೊನೆಗೆ, ಅಥವಾ ಎಂದೂ ಬೇಡ. ಒಂದು ಟ್ರಂಕನ್ನು ಅವರಿಗೇ ಬಿಟ್ಟುಕೊಟ್ಟು, ಅದರೊಳಗೆ ಏನಿದೆ ಎಂದೂ ಕೇಳಬಾರದು. ಗುಜರಿಗೂ ಬಾರದ್ದು ಒಂದು ಕಡೆ ಸೇರಿದಾಗ ಮಾತ್ರ ಪಾಲಿಕೆಯ ಟ್ರ್ಯಾಕ್ಟರ್ ಕರೆಸಬೇಕು, ಅದೂ ಓಣಿ ನೋಡುತ್ತ ನಿಲ್ಲದ ಹೊತ್ತಿನಲ್ಲಿ.

ಆಮೇಲಿನ ಒಂದು ವರ್ಷ ಯಾರಾದರೊಬ್ಬರು ವಾರಕ್ಕೊಮ್ಮೆ ಆ ಮನೆಗೆ ಹೋಗುತ್ತಿರಬೇಕು. ಡ್ರಮ್ಮು ನೋಡುವ ನೆಪದಲ್ಲಿ ಹೋಗಿ, ಚಹಾ ಕುಡಿದು, ದಾರಿ ಇನ್ನೂ ಮೂರು ಅಡಿ ಇದೆಯೇ ಎಂದು ಕಣ್ಣಳತೆ ಮಾಡಿ ಬಂದರೆ ಸಾಕು. ಮೊದಲು ಹೇಳಿದ ಆ ತಾಯಿಯ ಮನೆಯಲ್ಲಿ ಎರಡನೆಯ ಸಲ ನಾವು ಮಾಡಿದ್ದು ಹೀಗೆ. ಹಿತ್ತಲಿನ ಡ್ರಮ್ಮಿನಿಂದ ಆರಂಭಿಸಿ ಚಿಂದಿಯ ಕೊನೆಯ ಮೂಟೆಗೆ ಬರುವ ಹೊತ್ತಿಗೆ ಹತ್ತು ತಿಂಗಳಾಗಿತ್ತು. ಹಾಲಿನ ಪ್ಯಾಕೆಟ್ಟಿನ ಕಟ್ಟುಗಳನ್ನು ಮಾತ್ರ ನಾವು ಕೇಳಲೂ ಇಲ್ಲ, ಅವರು ಕೊಡಲೂ ಇಲ್ಲ. ಅವು ಒಣಗಿದ್ದವು, ನೀರು ನಿಲ್ಲುವಂಥವಲ್ಲ, ಒಲೆಯಿಂದ ದೂರ ಅಟ್ಟದ ಮೂಲೆಯಲ್ಲಿದ್ದವು, ದಾರಿಗೂ ಅಡ್ಡವಿರಲಿಲ್ಲ.